ಅನುಮತಿ ಸಿಕ್ಕಿತು, ಕೇಳಿದವರು ಜೈಲಿಗೆ ಹೋದರು: ಸೌದಿಯ ಪುರುಷ ಪೋಷಕತ್ವ ಎಷ್ಟು ಬದಲಾಗಿದೆ?

ಶರಾವತಿ ತೀರ

2018ರ ಜೂನ್ 24ರಂದು ಸೌದಿ ಅರೇಬಿಯಾದ ಮಹಿಳೆಯರು ಕಾನೂನುಬದ್ಧವಾಗಿ ಕಾರು ಓಡಿಸಲು ಆರಂಭಿಸಿದರು. ಅದಕ್ಕೆ ಐದಾರು ವಾರ ಮೊದಲು, ಅದೇ ಹಕ್ಕಿಗಾಗಿ ವರ್ಷಗಟ್ಟಲೆ ದನಿಯೆತ್ತಿದ್ದ ಲುಜೈನ್ ಅಲ್ ಹತ್ಲೂಲ್, ಅಜೀಜಾ ಅಲ್ ಯೂಸುಫ್, ಈಮಾನ್ ಅಲ್ ನಫ್ಜಾನ್ ಮೊದಲಾದವರನ್ನು ಅಲ್ಲಿನ ಭದ್ರತಾ ಸಿಬ್ಬಂದಿ ಬಂಧಿಸಿದ್ದರು. ಸರ್ಕಾರದ ಪರವಾದ ಮಾಧ್ಯಮಗಳು ಅವರನ್ನು ದೇಶದ್ರೋಹಿಗಳೆಂದು ಬಿಂಬಿಸಿದವು. ಈ ಎರಡು ಸುದ್ದಿಗಳನ್ನು ಬೇರೆಬೇರೆಯಾಗಿ ಓದಿದರೆ ಒಂದು ಸಂತೋಷದ್ದು, ಇನ್ನೊಂದು ದುಃಖದ್ದು ಅನ್ನಿಸುತ್ತದೆ. ಎರಡನ್ನೂ ಒಂದೇ ನಿರ್ಧಾರದ ಎರಡು ಭಾಗಗಳಾಗಿ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಚಾಲನೆಯ ಹೋರಾಟ ಬಹಳ ಹಿಂದಿನದು. 1990ರ ನವೆಂಬರ್ 6ರಂದು, ಕುವೈತ್ ಬಿಕ್ಕಟ್ಟಿನ ಕಾಲದಲ್ಲಿ, 47 ಮಹಿಳೆಯರು ರಿಯಾದ್ ನಗರದಲ್ಲಿ ಕಾರು ಓಡಿಸಿದರು. ಅವರಲ್ಲಿ ಉಪನ್ಯಾಸಕಿಯರಿದ್ದರು, ಶಿಕ್ಷಕಿಯರಿದ್ದರು. ಅವರ ಪಾಸ್‌ಪೋರ್ಟ್‌ಗಳನ್ನು ಕಿತ್ತುಕೊಳ್ಳಲಾಯಿತು, ಕೆಲಸದಲ್ಲಿದ್ದವರನ್ನು ಅಮಾನತು ಮಾಡಲಾಯಿತು, ಮಸೀದಿಗಳಲ್ಲಿ ಅವರ ಚಾರಿತ್ರ್ಯದ ಬಗ್ಗೆ ಮಾತುಗಳು ಹೊರಟವು. ಅದುವರೆಗೆ ರೂಢಿಯಾಗಿದ್ದ ನಿಷೇಧವನ್ನು ಒಳಾಡಳಿತ ಸಚಿವಾಲಯ ಅಧಿಕೃತಗೊಳಿಸಿದ್ದು ಆ ಘಟನೆಯ ಬಳಿಕವೇ. 2011ರಲ್ಲಿ ಮನಾಲ್ ಅಲ್ ಶರೀಫ್ ಖೋಬರ್‌ನಲ್ಲಿ ಕಾರು ಓಡಿಸಿ, ಅದರ ವಿಡಿಯೋ ಹಂಚಿಕೊಂಡು ಜೈಲು ಸೇರಿದರು. 2014ರ ಡಿಸೆಂಬರ್‌ನಲ್ಲಿ ಲುಜೈನ್ ಯುಎಇ ಗಡಿಯಿಂದ ಕಾರಿನಲ್ಲಿ ಒಳಬರಲು ಹೋಗಿ 73 ದಿನ ಬಂಧನದಲ್ಲಿದ್ದರು.

ಆದರೆ ಈ ಹೋರಾಟಗಾರ್ತಿಯರಿಗೆ ಕಾರು ಮುಖ್ಯ ವಿಷಯವೇ ಆಗಿರಲಿಲ್ಲ. 2016ರಲ್ಲಿ ಸುಮಾರು 14,000 ಸಹಿಗಳೊಂದಿಗೆ ಅವರು ಅರಮನೆಗೆ ಕೊಟ್ಟ ಮನವಿ ಪುರುಷ ಪೋಷಕತ್ವವನ್ನೇ ರದ್ದುಪಡಿಸಬೇಕೆಂದು ಕೇಳಿತ್ತು. ವಯಸ್ಕಳಾದ ಹೆಣ್ಣಿಗೂ ತಂದೆ, ಗಂಡ, ಅಣ್ಣ, ಕೆಲವೊಮ್ಮೆ ತಾನೇ ಹೆತ್ತ ಮಗ ವಲಿ, ಅಂದರೆ ಪೋಷಕ, ಆಗಿರಬೇಕು, ಪಾಸ್‌ಪೋರ್ಟ್ ಪಡೆಯಲು, ವಿದೇಶಕ್ಕೆ ಹೋಗಲು, ಮದುವೆಯಾಗಲು ಅವನ ಒಪ್ಪಿಗೆ ಬೇಕು ಎಂಬ ವ್ಯವಸ್ಥೆ ಅದು. ಓದು, ಉದ್ಯೋಗ, ಶಸ್ತ್ರಚಿಕಿತ್ಸೆಗೂ ಹಲವೆಡೆ ಅವನ ಸಹಿ ಕೇಳುತ್ತಿದ್ದರು. 2019ರ ಆಗಸ್ಟ್‌ನಲ್ಲಿ ಇದರ ಒಂದು ದೊಡ್ಡ ಭಾಗ ಸಡಿಲವಾಯಿತು: 21 ವರ್ಷ ತುಂಬಿದ ಮಹಿಳೆ ಯಾರ ಒಪ್ಪಿಗೆಯೂ ಇಲ್ಲದೆ ಪಾಸ್‌ಪೋರ್ಟ್ ಪಡೆದು ಪ್ರಯಾಣ ಮಾಡಬಹುದು, ಮಗುವಿನ ಜನನ ನೋಂದಾಯಿಸಬಹುದು, ಕುಟುಂಬದ ಮುಖ್ಯಸ್ಥೆ ಎನಿಸಿಕೊಳ್ಳಬಹುದು. ಇದು ಸಣ್ಣ ಬದಲಾವಣೆಯಲ್ಲ ಎಂದು ನಾನೂ ಒಪ್ಪುತ್ತೇನೆ.

ನನ್ನ ವಾದ ಇಷ್ಟು. ಮಹಿಳೆಗೆ ಏನೇನು ಮಾಡಲು ಬಿಡಬೇಕು ಎಂಬ ಪಟ್ಟಿ ಸೌದಿಯಲ್ಲಿ ಉದ್ದವಾಗಿದೆ. ಬಿಡುವವರು ಯಾರು ಎಂಬುದು ಬದಲಾಗಿಲ್ಲ. ಮೊದಲು ಮನೆಯ ಗಂಡಸು ಮತ್ತು ಮಸೀದಿಯ ಪಂಡಿತ ನಿರ್ಧರಿಸುತ್ತಿದ್ದುದನ್ನು ಈಗ ಅರಮನೆ ನಿರ್ಧರಿಸುತ್ತದೆ, ಮತ್ತು ಕೇಳಿ ಪಡೆದದ್ದು ಎಂಬ ಭಾವನೆ ಪ್ರಜೆಗಳಲ್ಲಿ ಹುಟ್ಟದಂತೆ ಎಚ್ಚರ ವಹಿಸುತ್ತದೆ. ಅಲ್ಲಿ ನೆಲೆಸಿರುವವರು, ಕಾನೂನು ಬಲ್ಲವರು ಏನು ಹೇಳುತ್ತೀರಿ?

ಜುಬೈಲ್ ಕನ್ನಡಿಗ

ಶರಾವತಿ ಅವರೇ, ನೀವು ಕೊಟ್ಟ ವಿವರಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬದಲಾವಣೆಯ ಗಾತ್ರ ದೂರದಿಂದ ಓದುವವರಿಗೆ ಅಂದಾಜಾಗುವುದು ಕಷ್ಟ. ನಾನು ಬಂದ ಕಾಲದಲ್ಲಿ ಹೋಟೆಲುಗಳಿಗೆ ಎರಡು ಬಾಗಿಲು ಇರುತ್ತಿದ್ದವು, ಒಂದು ‘ಫ್ಯಾಮಿಲಿ’ಗೆ, ಇನ್ನೊಂದು ಒಂಟಿ ಗಂಡಸರಿಗೆ. ನಮಾಜಿನ ಹೊತ್ತಿಗೆ ಮುತವ್ವಾಗಳು, ಅಂದರೆ ಧಾರ್ಮಿಕ ಪೊಲೀಸರು, ಅಂಗಡಿ ಮುಚ್ಚಿಸಲು ಬರುತ್ತಿದ್ದರು, ಹೆಂಗಸರ ಅಬಾಯಾ (ಮೈತುಂಬ ಮುಚ್ಚುವ ನಿಲುವಂಗಿ) ಸರಿಯಿಲ್ಲವೆಂದು ಗಂಡಸರನ್ನು ನಿಲ್ಲಿಸಿ ಗದರುತ್ತಿದ್ದರು. 2016ರ ಏಪ್ರಿಲ್‌ನಲ್ಲಿ ಅವರ ಬಂಧಿಸುವ ಅಧಿಕಾರವನ್ನು ತೆಗೆದುಹಾಕಿದ ಮೇಲೆ ಅವರು ಕಣ್ಣಿಗೆ ಬೀಳುವುದೇ ಅಪರೂಪವಾಯಿತು. ಪ್ರತ್ಯೇಕ ಬಾಗಿಲಿನ ಕಡ್ಡಾಯ 2019ರ ಕೊನೆಯಲ್ಲಿ ಹೋಯಿತು. ಇಂದು ಸೂಪರ್ ಮಾರ್ಕೆಟ್ ಕೌಂಟರಿನಲ್ಲಿ, ಬ್ಯಾಂಕಿನಲ್ಲಿ, ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಸಾಲಿನಲ್ಲಿ ಸೌದಿ ಯುವತಿಯರೇ ಕೂತಿರುತ್ತಾರೆ.

ನಮ್ಮ ಕಡೆಯವರಿಗೆ ಇದರ ನೇರ ಪರಿಣಾಮವೂ ಆಯಿತು. ಉಡುಪಿ, ಮಂಗಳೂರು, ಕಾಸರಗೋಡಿನ ಎಷ್ಟೋ ಜನ ಇಲ್ಲಿ ‘ಹೌಸ್ ಡ್ರೈವರ್’ ಆಗಿ ದುಡಿದು ಊರಲ್ಲಿ ಮನೆ ಕಟ್ಟಿದ್ದಾರೆ. ನಿಷೇಧವಿದ್ದಾಗ ಈ ದೇಶದ ಮನೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಿದೇಶಿ ಚಾಲಕರಿದ್ದರು. ಗಂಡನ ಜೊತೆಗಲ್ಲದೆ ಪರಪುರುಷನ ಜೊತೆ ಕಾರಿನಲ್ಲಿ ಕೂರುವುದು ನಿಷಿದ್ಧ ಎನ್ನುತ್ತಲೇ, ಪ್ರತಿದಿನ ಅಪರಿಚಿತ ಚಾಲಕನೊಬ್ಬನೊಂದಿಗೆ ಮನೆಯ ಹೆಣ್ಣುಮಕ್ಕಳನ್ನು ಕಳುಹಿಸುವ ವಿಚಿತ್ರ ವ್ಯವಸ್ಥೆಗೆ ಸಾಕ್ಷಿಗಳು ನಾವೇ.

ಅರಮನೆ ಕೊಟ್ಟಿತೋ ಹೋರಾಟ ಪಡೆಯಿತೋ ಎಂಬ ಪ್ರಶ್ನೆ ಕೌಂಟರಿನಲ್ಲಿ ಕೂತ ಆ ಹುಡುಗಿಗೆ ಎಷ್ಟು ಮುಖ್ಯ ಎಂಬುದು ನನಗಿರುವ ಅನುಮಾನ.

ನೇರ ಮಾತು

ಇಷ್ಟು ಸುತ್ತುಬಳಸಿ ಚರ್ಚಿಸುವ ಅಗತ್ಯ ನನಗೆ ಕಾಣುತ್ತಿಲ್ಲ. ಸೌದಿ, ಇರಾನ್, ಅಫ್ಘಾನಿಸ್ತಾನ ಮೂರರಲ್ಲೂ ಸಮಾನವಾಗಿರುವುದು ಧರ್ಮ. ಕಾರಣ ಅದೇ. ಉಳಿದದ್ದೆಲ್ಲ ನೆಪ.

ಭಟ್ಕಳದ ವಕೀಲೆ

ನೇರ ಮಾತು ಅವರಿಗೆ ನೇರವಾಗಿಯೇ ಉತ್ತರಿಸುತ್ತೇನೆ. ಮಹಿಳೆ ವಾಹನ ಓಡಿಸಬಾರದೆಂಬ ನಿಷೇಧ 2018ಕ್ಕೆ ಮೊದಲು ಇಡೀ ಜಗತ್ತಿನಲ್ಲಿ ಸೌದಿಯೊಂದರಲ್ಲೇ ಇತ್ತು. ಇಸ್ಲಾಮೇ ಕಾರಣವಾಗಿದ್ದರೆ ಪಕ್ಕದ ಕುವೈತ್, ಬಹರೇನ್, ಯಮನ್‌ಗಳಲ್ಲಿ ಏಕೆ ಇರಲಿಲ್ಲ? ಟ್ಯುನೀಶಿಯಾ 1956ರಲ್ಲೇ ಬಹುಪತ್ನಿತ್ವವನ್ನು ನಿಷೇಧಿಸಿ, ವಿಚ್ಛೇದನವನ್ನು ನ್ಯಾಯಾಲಯದ ಕೈಗೆ ಕೊಟ್ಟಿತು. ಪಾಕಿಸ್ತಾನದಲ್ಲಿ 1988ರಲ್ಲಿ ಮಹಿಳೆಯೊಬ್ಬರು ಪ್ರಧಾನಿಯಾದಾಗ ಸೌದಿಯ ಮಹಿಳೆಗೆ ಯಾವ ಚುನಾವಣೆಯಲ್ಲೂ ಮತ ಹಾಕುವ ಅವಕಾಶವಿರಲಿಲ್ಲ. ಅದು ಬಂದದ್ದು 2015ರ ಡಿಸೆಂಬರ್‌ನ ಪುರಸಭೆ ಚುನಾವಣೆಯಲ್ಲಿ.

ವಲಿಯ ವಿಷಯವನ್ನೇ ತೆಗೆದುಕೊಳ್ಳಿ. ಹನಫಿ ಪಂಥದ ಪ್ರಕಾರ ಪ್ರಾಯಕ್ಕೆ ಬಂದ, ಬುದ್ಧಿ ಬಲಿತ ಹೆಣ್ಣು ವಲಿಯಿಲ್ಲದೆ ತಾನೇ ನಿಕಾಹ್ ಮಾಡಿಕೊಳ್ಳಬಹುದು. ಲಾಹೋರ್ ಹೈಕೋರ್ಟ್ 1997ರಲ್ಲಿ ಇದೇ ತತ್ವದ ಮೇಲೆ, ತಂದೆಯ ವಿರೋಧವಿದ್ದರೂ ಮಗಳ ಮದುವೆ ಸಿಂಧು ಎಂದು ತೀರ್ಪು ಕೊಟ್ಟಿತು. ಶಾಫಿ ಮತ್ತು ಹಂಬಲಿ ಪಂಥಗಳು ವಲಿ ಬೇಕೇಬೇಕು ಎನ್ನುತ್ತವೆ. ನಮ್ಮ ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿಗಳು. ನಮ್ಮಲ್ಲೂ ನಿಕಾಹ್‌ಗೆ ವಲಿ ಕೂರುತ್ತಾರೆ. ಆದರೆ ನನ್ನ ತಂದೆ ನನ್ನ ನಿಕಾಹ್‌ಗೆ ವಲಿಯಾದರು ಎಂದಮಾತ್ರಕ್ಕೆ ನಾನು ವಕೀಲಿ ವೃತ್ತಿ ಆರಂಭಿಸಲು ಅವರ ಸಹಿ ಯಾರೂ ಕೇಳಲಿಲ್ಲ. ಮದುವೆಯ ಒಂದು ವಿಧಿಯಲ್ಲಿದ್ದ ವಲಿಯನ್ನು ಪಾಸ್‌ಪೋರ್ಟ್ ಕಚೇರಿಗೆ, ಆಸ್ಪತ್ರೆಗೆ, ವಿಶ್ವವಿದ್ಯಾಲಯದ ಗೇಟಿಗೆ ತಂದು ನಿಲ್ಲಿಸಿದ್ದು ಶರೀಅತ್ ಗ್ರಂಥಗಳಲ್ಲ, ಇಪ್ಪತ್ತನೆಯ ಶತಮಾನದ ಆಡಳಿತ.

ಹಾಗೆಂದು ಧರ್ಮಪಂಡಿತರ ಪಾತ್ರವನ್ನು ಮುಚ್ಚಿಡುವುದೂ ಪ್ರಾಮಾಣಿಕವಲ್ಲ. ಸೌದ್ ಮನೆತನ ಮತ್ತು ವಹಾಬಿ ಪಂಡಿತರ ನಡುವಿನ ಒಪ್ಪಂದ ಹದಿನೆಂಟನೆಯ ಶತಮಾನದ್ದು. ಹೆಣ್ಣುಮಕ್ಕಳ ಶಾಲೆಗಳನ್ನು ರಾಜ್ಯ 1960ರಲ್ಲಿ ಆರಂಭಿಸಿದಾಗ ಬುರೈದಾದಂಥ ಊರುಗಳಲ್ಲಿ ತೀವ್ರ ವಿರೋಧ ಬಂತು. ಅದನ್ನು ಶಮನಗೊಳಿಸಲು ಹೆಣ್ಣುಮಕ್ಕಳ ಶಿಕ್ಷಣದ ಇಲಾಖೆಯನ್ನೇ ಪಂಡಿತರ ಕೈಗೆ ಕೊಡಲಾಯಿತು. 1979ರಲ್ಲಿ ಜುಹೈಮಾನ್ ಅಲ್ ಉತೈಬಿಯ ಗುಂಪು ಮೆಕ್ಕಾದ ಹರಂ (ಕಾಬಾ ಇರುವ ಮಹಾ ಮಸೀದಿ) ಅನ್ನು ಆಕ್ರಮಿಸಿದ ನಂತರ, ದಂಗೆಯನ್ನು ಹತ್ತಿಕ್ಕಿದ ಸರ್ಕಾರವೇ ಬಂಡುಕೋರರ ಹಲವು ಬೇಡಿಕೆಗಳನ್ನು ಸಮಾಜದ ಮೇಲೆ ಹೇರಿತು. ಸಿಂಹಾಸನದ ಬಗ್ಗೆ ಪ್ರಶ್ನೆ ಬಂದಾಗಲೆಲ್ಲ ಪಂಡಿತರನ್ನು ಸಮಾಧಾನಪಡಿಸಲು ಕೊಡಬಹುದಾದ ಅತ್ಯಂತ ಅಗ್ಗದ ವಸ್ತು ಮಹಿಳೆಯ ಸ್ವಾತಂತ್ರ್ಯವಾಗಿತ್ತು, ಏಕೆಂದರೆ ಅದನ್ನು ಕೊಟ್ಟರೆ ರಾಜನಿಗೆ ಏನೂ ನಷ್ಟವಿರಲಿಲ್ಲ.

ಅದರ ಬೆಲೆ 2002ರ ಮಾರ್ಚ್‌ನಲ್ಲಿ ಗೊತ್ತಾಯಿತು. ಮೆಕ್ಕಾದ ಬಾಲಕಿಯರ ಶಾಲೆಯೊಂದಕ್ಕೆ ಬೆಂಕಿ ಬಿದ್ದು 15 ವಿದ್ಯಾರ್ಥಿನಿಯರು ಸತ್ತರು. ಅಬಾಯಾ ಧರಿಸಿಲ್ಲವೆಂಬ ಕಾರಣಕ್ಕೆ ಹುಡುಗಿಯರು ಹೊರಬರುವುದನ್ನೂ ರಕ್ಷಣಾ ಸಿಬ್ಬಂದಿ ಒಳಹೋಗುವುದನ್ನೂ ಮುತವ್ವಾಗಳು ತಡೆದರೆಂದು ಸೌದಿಯ ಪತ್ರಿಕೆಗಳೇ ಬರೆದವು. ಅಧಿಕಾರಿಗಳು ಆ ಆರೋಪವನ್ನು ನಿರಾಕರಿಸಿದರು, ಆದರೆ ಅದೇ ತಿಂಗಳು ಹೆಣ್ಣುಮಕ್ಕಳ ಶಿಕ್ಷಣವನ್ನು ಪಂಡಿತರಿಂದ ತೆಗೆದು ಶಿಕ್ಷಣ ಸಚಿವಾಲಯಕ್ಕೆ ಸೇರಿಸಲಾಯಿತು. ಸೌದಿಯ ಮುಸ್ಲಿಮರೇ, ಮುಸ್ಲಿಂ ಪತ್ರಿಕೆಗಳಲ್ಲೇ, ಮುಸ್ಲಿಂ ಹೆಣ್ಣುಮಕ್ಕಳ ಪರವಾಗಿ ಬರೆದರೆಂಬುದನ್ನು ನೇರ ಮಾತು ಅವರು ಗಮನಿಸಲಿ.

ಅಂಕಿಸಂಖ್ಯೆ

ಅರಮನೆ ಈಗಲೇ ಏಕೆ ಮನಸ್ಸು ಬದಲಿಸಿತು ಎಂಬುದಕ್ಕೆ ಲೆಕ್ಕದ ಉತ್ತರವಿದೆ. 2014ರ ಮಧ್ಯಭಾಗದಲ್ಲಿ ಬ್ಯಾರೆಲ್‌ಗೆ 100 ಡಾಲರ್‌ಗಿಂತ ಮೇಲಿದ್ದ ಕಚ್ಚಾತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸರ್ಕಾರದ ಆರ್ಥಿಕ ಸುಧಾರಣಾ ಯೋಜನೆ ‘ವಿಷನ್ 2030’ ಪ್ರಕಟವಾಯಿತು. ದುಡಿಯುವ ಮಹಿಳೆಯರ ಪಾಲನ್ನು 30 ಶೇಕಡಕ್ಕೆ ಏರಿಸುವುದು ಅದರ ಗುರಿಗಳಲ್ಲೊಂದು. ಆ ಗುರಿ ಅವಧಿಗೆ ಬಹಳ ಮೊದಲೇ ಮುಟ್ಟಿತು, 2022ರ ಹೊತ್ತಿಗೆ ಸೌದಿ ಮಹಿಳೆಯರ ಪಾಲು 35 ಶೇಕಡ ದಾಟಿತ್ತು. ಒಂದೇ ಸಂಬಳದಲ್ಲಿ ಮನೆ ನಡೆಯದ ಕಾಲ ಬಂದಾಗ, ಸಂಬಳದ ದೊಡ್ಡ ಭಾಗವನ್ನು ಚಾಲಕನಿಗೆ ಕೊಟ್ಟು ಹೆಣ್ಣುಮಗಳು ಕೆಲಸಕ್ಕೆ ಹೋಗುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ.

ಇದನ್ನು ಹೇಳುವುದು ಸುಧಾರಣೆಯನ್ನು ಹೀಗಳೆಯಲು ಅಲ್ಲ. ಆದರೆ ಆರ್ಥಿಕ ಅಗತ್ಯದಿಂದ ತೆರೆದ ಬಾಗಿಲು ಆರ್ಥಿಕ ಅಗತ್ಯ ಇರುವಲ್ಲಿಗೆ ಮಾತ್ರ ಹೋಗುತ್ತದೆ. ಉದ್ಯೋಗ, ಚಾಲನೆ, ಪ್ರಯಾಣ ಇವುಗಳಲ್ಲಿ ಸಡಿಲಿಕೆ ಬಂತು. ಮದುವೆ, ವಿಚ್ಛೇದನ, ಮಕ್ಕಳ ಪೋಷಕತ್ವ ಇವುಗಳಲ್ಲಿ ಬರಲಿಲ್ಲ.

ಮೈಸೂರು ಓದುಗ

ಸೌದಿಯನ್ನು ಒಂದೇ ನೋಡಿದರೆ ನಮಗೆ ಒಂದು ದಿಕ್ಕು ಮಾತ್ರ ಕಾಣುತ್ತದೆ. ಅಫ್ಘಾನಿಸ್ತಾನದಲ್ಲಿ ತಾಲಿಬಾನ್ 2021ರ ಆಗಸ್ಟ್‌ನಲ್ಲಿ ಮರಳಿತು. 2022ರ ಮಾರ್ಚ್ 23ರಂದು ಪ್ರೌಢಶಾಲೆ ತೆರೆಯುತ್ತದೆಂದು ಪುಸ್ತಕ ಹಿಡಿದು ಬಂದ ಹುಡುಗಿಯರನ್ನು ಅಂದೇ ಬೆಳಿಗ್ಗೆ ವಾಪಸು ಕಳುಹಿಸಲಾಯಿತು. ಅದೇ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳು ಮುಚ್ಚಿದವು, ಸರ್ಕಾರೇತರ ಸಂಸ್ಥೆಗಳಲ್ಲಿ ಮಹಿಳೆಯರು ದುಡಿಯುವುದು ನಿಂತಿತು. 2023ರಲ್ಲಿ ಬ್ಯೂಟಿ ಪಾರ್ಲರ್‌ಗಳು, 2024ರ ಕೊನೆಯಲ್ಲಿ ಸೂಲಗಿತ್ತಿಯರ ಮತ್ತು ದಾದಿಯರ ತರಬೇತಿಯೂ ಮುಚ್ಚಿದವು. ಕೆಲವು ಪ್ರಾಂತ್ಯಗಳಲ್ಲಿ ಗಂಡು ವೈದ್ಯ ಹೆಣ್ಣು ರೋಗಿಗೆ ಚಿಕಿತ್ಸೆ ನೀಡಬಾರದೆನ್ನುವ ಆಡಳಿತವೇ ಹೆಣ್ಣು ದಾದಿಯರು ತಯಾರಾಗಬಾರದೆಂದೂ ಹೇಳಿದರೆ, ಹೆರಿಗೆಯಲ್ಲಿ ಸಾಯುವವರ ಬಗ್ಗೆ ಅದು ಏನು ನಿರ್ಧರಿಸಿದೆ ಎಂದು ನಾನು ಹೊಸದಾಗಿ ವಿವರಿಸಬೇಕಿಲ್ಲ. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತಾಲಿಬಾನಿನ ಪರಮೋಚ್ಚ ನಾಯಕ ಮತ್ತು ಮುಖ್ಯ ನ್ಯಾಯಾಧೀಶರ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತಾಲಿಬಾನ್ ವಿದೇಶಾಂಗ ಸಚಿವರು ದೆಹಲಿಯಲ್ಲಿ ನಡೆಸಿದ ಪತ್ರಿಕಾಗೋಷ್ಠಿಗೆ ಮಹಿಳಾ ಪತ್ರಕರ್ತರಿಗೆ ಪ್ರವೇಶ ಸಿಗಲಿಲ್ಲ. ಗದ್ದಲವಾದ ಮೇಲೆ ಎರಡು ದಿನ ಬಿಟ್ಟು ಅವರನ್ನೂ ಕರೆದು ಇನ್ನೊಂದು ಗೋಷ್ಠಿ ನಡೆಸಬೇಕಾಯಿತು.

ಇರಾನಿನಲ್ಲಿ ಸಮಾಜ ಮುಂದಿದೆ, ಕಾನೂನು ಹಿಂದಿದೆ. 1936ರಲ್ಲಿ ರೆಜಾ ಶಾ ಪೊಲೀಸರಿಂದ ಮುಸುಕು ಕಿತ್ತಿಸಿದ. ಕ್ರಾಂತಿಯ ನಂತರದ ಸರ್ಕಾರ ಪೊಲೀಸರಿಂದ ಮುಸುಕು ಹಾಕಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿ ತೀರಿಕೊಂಡ ನಂತರ ಬೀದಿಗಿಳಿದವರಲ್ಲಿ ತಲೆ ಮುಚ್ಚಿಕೊಂಡ ಹೆಂಗಸರೂ ಇದ್ದರು. ಬಟ್ಟೆಯ ಆಯ್ಕೆ ತಮ್ಮದಾಗಬೇಕೆಂಬುದು ಅವರ ಬೇಡಿಕೆಯಾಗಿತ್ತು. ಈ ಮಾತನ್ನು ನಮ್ಮ ರಾಜ್ಯದ 2022ರ ಹಿಜಾಬ್ ವಿವಾದಕ್ಕೂ ಅನ್ವಯಿಸಿ ಚರ್ಚಿಸಬೇಕೆಂಬ ಆಸೆ ನನಗಿದೆ.

ನಿರ್ವಾಹಕ

ಕೊನೆಯ ವಿಷಯಕ್ಕೆ ಪ್ರತ್ಯೇಕ ಚರ್ಚೆ ತೆರೆಯಿರಿ. ಇಲ್ಲಿ ಸೌದಿಯ ಕಾನೂನಿನ ಪ್ರಶ್ನೆ ಇನ್ನೂ ಅರ್ಧದಲ್ಲಿದೆ.

ಶರಾವತಿ ತೀರ

ಅಂಕಿಸಂಖ್ಯೆ ಅವರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ಮುಂದುವರಿಸುತ್ತೇನೆ. 2022ರ ಮಾರ್ಚ್ 8ರಂದು, ಅಂದರೆ ಅಂತರರಾಷ್ಟ್ರೀಯ ಮಹಿಳಾ ದಿನದಂದೇ, ಸೌದಿ ತನ್ನ ಮೊದಲ ವೈಯಕ್ತಿಕ ಕಾನೂನು ಸಂಹಿತೆಯನ್ನು ಹೊರಡಿಸಿತು. ಅದುವರೆಗೆ ನ್ಯಾಯಾಧೀಶರು ಹಂಬಲಿ ಗ್ರಂಥಗಳನ್ನು ತಮಗೆ ತಿಳಿದಂತೆ ಅರ್ಥೈಸಿ ತೀರ್ಪು ಕೊಡುತ್ತಿದ್ದರು. ಸಂಹಿತೆಯ ಪ್ರಕಾರ ಹೆಣ್ಣಿನ ಮದುವೆಯ ಒಪ್ಪಂದವನ್ನು ಅವಳ ವಲಿಯೇ ಮಾಡಿಕೊಡಬೇಕು. ಗಂಡನ ಮನೆಗೆ ಬರಲು, ಅಲ್ಲಿ ರಾತ್ರಿ ತಂಗಲು ಅಥವಾ ಅವನೊಡನೆ ಪ್ರಯಾಣಿಸಲು ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ಹೆಂಡತಿ ಜೀವನಾಂಶದ ಹಕ್ಕು ಕಳೆದುಕೊಳ್ಳುತ್ತಾಳೆ. ವಿಚ್ಛೇದನದ ನಂತರ ಮಗು ತಾಯಿಯ ಬಳಿ ಇದ್ದರೂ ಪೋಷಕ ತಂದೆಯೇ. ಚದುರಿದ ರೂಢಿಯಾಗಿದ್ದ ಪೋಷಕತ್ವಕ್ಕೆ ಈಗ ಕಲಂ ಸಂಖ್ಯೆಗಳು ಬಂದಿವೆ. ರೂಢಿಯನ್ನು ಮೀರಬಹುದು, ಉದಾರಿಯಾದ ನ್ಯಾಯಾಧೀಶನೊಬ್ಬ ಸಿಗಬಹುದು. ಕಾನೂನಾಗಿ ಬರೆದದ್ದನ್ನು ಅಳಿಸಲು ಮತ್ತೊಂದು ರಾಜಾಜ್ಞೆಯೇ ಬೇಕು.

ಜುಬೈಲ್ ಕನ್ನಡಿಗರು ಕೇಳಿದ ಪ್ರಶ್ನೆಗೂ ಉತ್ತರಿಸಬೇಕು. ಕೌಂಟರಿನ ಹುಡುಗಿಗೆ ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಮುಂದಿನ ಬೇಡಿಕೆಯನ್ನು ಆಕೆ ಬಾಯಿಬಿಟ್ಟು ಹೇಳುವಂತಿಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ, ಎರಡು ಮಕ್ಕಳ ತಾಯಿ ಸಲ್ಮಾ ಅಲ್ ಶಿಹಾಬ್ ರಜೆಗೆಂದು ಊರಿಗೆ ಬಂದಾಗ 2021ರ ಜನವರಿಯಲ್ಲಿ ಬಂಧಿತರಾದರು. ಬಂಧಿತ ಹೋರಾಟಗಾರ್ತಿಯರ ಪರವಾದ ಟ್ವೀಟ್‌ಗಳು ಅವರ ಅಪರಾಧ. ಆರು ವರ್ಷದ ಶಿಕ್ಷೆಯನ್ನು ಮೇಲ್ಮನವಿ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ 34 ವರ್ಷಕ್ಕೆ ಏರಿಸಿತು. ಆಮೇಲೆ 27ಕ್ಕೆ, ಕೊನೆಗೆ ನಾಲ್ಕಕ್ಕೆ ಇಳಿಸಿ 2025ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಲಾಯಿತು. ಫಿಟ್‌ನೆಸ್ ತರಬೇತುದಾರ್ತಿ ಮನಾಹಿಲ್ ಅಲ್ ಉತೈಬಿಗೆ 2024ರ ಜನವರಿಯಲ್ಲಿ 11 ವರ್ಷ ಶಿಕ್ಷೆಯಾಯಿತು. ಪೋಷಕತ್ವ ಕೊನೆಗೊಳ್ಳಲಿ ಎಂದು ಬರೆದದ್ದು, ಅಬಾಯಾ ಇಲ್ಲದ ಚಿತ್ರ ಹಾಕಿದ್ದು ಅವರ ಮೇಲಿನ ಆರೋಪಗಳಲ್ಲಿ ಸೇರಿದ್ದವು. ಅಬಾಯಾ ಕಡ್ಡಾಯವಲ್ಲವೆಂದು ಯುವರಾಜರೇ 2018ರಲ್ಲಿ ಅಮೆರಿಕದ ಟಿವಿ ಸಂದರ್ಶನದಲ್ಲಿ ಹೇಳಿದ್ದರು. ಆ ಮಾತನ್ನು ನಂಬಿ ನಡೆದವರಿಗೆ ಹೀಗಾಯಿತು.

ದಮ್ಮಾಮ್ ಗೃಹಿಣಿ

ಇಷ್ಟು ದಿನ ಓದುತ್ತಿದ್ದೆ. ಇಲ್ಲಿ ಗಂಡನ ‘ಫ್ಯಾಮಿಲಿ ವೀಸಾ’ದ ಮೇಲಿರುವ ನಮ್ಮಂಥವರ ಸ್ಥಿತಿಯನ್ನು ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2019ರ ಸಡಿಲಿಕೆ ಸೌದಿ ಪ್ರಜೆಗಳಿಗೆ. ನನ್ನ ಇಕಾಮಾ (ವಾಸದ ಪರವಾನಗಿ) ಗಂಡನ ಇಕಾಮಾಕ್ಕೆ ಜೋಡಣೆಯಾಗಿದೆ. ನಾನು ಊರಿಗೆ ಹೋಗಬೇಕಾದರೆ ಎಕ್ಸಿಟ್ ರೀಎಂಟ್ರಿ ವೀಸಾವನ್ನು ಅವರೇ ಸರ್ಕಾರಿ ಸೇವೆಗಳ ಆ್ಯಪ್ ಆದ ಅಬ್ಶಿರ್‌ನ ತಮ್ಮ ಖಾತೆಯಿಂದ ತೆಗೆಯಬೇಕು. ನಮ್ಮ ಮನೆಯಲ್ಲಿ ಇದು ಮೊಬೈಲಿನ ಎರಡು ನಿಮಿಷದ ಕೆಲಸ, ಅದರಲ್ಲಿ ಯಾವ ದಬ್ಬಾಳಿಕೆಯೂ ಇಲ್ಲ. ಆದರೆ ಗಂಡಹೆಂಡಿರ ನಡುವೆ ಬಿರುಕು ಬಿಟ್ಟ ಮನೆಗಳಲ್ಲಿ ಅದೇ ಗುಂಡಿ ಬೀಗವಾಗುತ್ತದೆ. ಅವಳು ಹಿಂದೂವಾಗಿರಲಿ, ಕ್ರೈಸ್ತಳಾಗಿರಲಿ, ಮುಸ್ಲಿಮಳಾಗಿರಲಿ ನಿಯಮ ಒಂದೇ. ಇಲ್ಲಿ ಗಂಡನ ಕೈಯಲ್ಲಿರುವ ಅಧಿಕಾರ ಪ್ರಾಯೋಜಕನ ಅಧಿಕಾರ, ಶರೀಅತ್‌ನದ್ದಲ್ಲ.

ಇನ್ನೊಂದು ಮಾತು. ಇಸಿಆರ್ (ವಲಸೆಗೆ ಸರ್ಕಾರದ ಅನುಮತಿ ಬೇಕಾದ) ಪಾಸ್‌ಪೋರ್ಟ್ ಇರುವ 30 ವರ್ಷದೊಳಗಿನ ಮಹಿಳೆಗೆ ಗಲ್ಫ್‌ನಲ್ಲಿ ಮನೆಗೆಲಸಕ್ಕೆ ಹೋಗಲು ನಮ್ಮ ದೇಶದ ಸರ್ಕಾರ ಅನುಮತಿ ಕೊಡುವುದಿಲ್ಲ. ಅದೇ ವಯಸ್ಸಿನ ಗಂಡಸಿಗೆ ಈ ತಡೆಯಿಲ್ಲ. ರಕ್ಷಣೆಗೆಂದು ಮಾಡಿದ ನಿಯಮ ಎನ್ನುತ್ತಾರೆ. ಸೌದಿಯವರೂ ಪೋಷಕತ್ವಕ್ಕೆ ಕೊಡುವ ಕಾರಣ ರಕ್ಷಣೆಯೇ. ನಿಯಮ ಮೀರಿ ವಿಸಿಟ್ ವೀಸಾದಲ್ಲಿ ಬಂದವರು ದೂರು ಕೊಡಲೂ ಹೆದರುತ್ತಾರೆ. ಎರಡೂ ಒಂದೇ ತೂಕದವು ಎಂದು ನಾನು ಹೇಳುತ್ತಿಲ್ಲ.

ಭಟ್ಕಳದ ವಕೀಲೆ

ದಮ್ಮಾಮ್‌ನ ಸಹೋದರಿ ಬರೆದದ್ದರಲ್ಲಿ ಕಾನೂನಿನ ದೃಷ್ಟಿಯಿಂದ ಮಹತ್ವದ ಅಂಶವಿದೆ: ಪೋಷಕತ್ವ ಮತ್ತು ಕಫಾಲಾ (ವಿದೇಶಿಯರನ್ನು ಪ್ರಾಯೋಜಕನಿಗೆ ಕಟ್ಟುವ ವ್ಯವಸ್ಥೆ) ಎರಡೂ ಒಬ್ಬ ವಯಸ್ಕ ವ್ಯಕ್ತಿಯ ಚಲನವಲನವನ್ನು ಮತ್ತೊಬ್ಬ ವ್ಯಕ್ತಿಯ ಸಹಿಗೆ ಕಟ್ಟಿಹಾಕುತ್ತವೆ.

ಸಂಹಿತೆಯ ಬಗ್ಗೆ ಮಾತ್ರ ಶರಾವತಿ ಅವರೊಂದಿಗೆ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಬರೆದಿಟ್ಟ ಕಾನೂನು ಕೆಟ್ಟದ್ದಾದರೂ ವಕೀಲರಿಗೆ ಹಿಡಿಯಲು ಒಂದು ತುದಿ ಸಿಗುತ್ತದೆ. ಯೋಗ್ಯ ವರನನ್ನು ಹೆಣ್ಣು ಒಪ್ಪಿದರೂ ವಲಿ ಸಕಾರಣವಿಲ್ಲದೆ ಮದುವೆ ತಡೆದರೆ ನ್ಯಾಯಾಲಯ ಆ ಅಧಿಕಾರವನ್ನು ಬೇರೊಬ್ಬರಿಗೆ ವರ್ಗಾಯಿಸಬಹುದೆಂದು ಸಂಹಿತೆಯಲ್ಲಿದೆ. ಈ ತತ್ವ ಹಳೆಯ ಫಿಕ್ಹ್‌ನಲ್ಲೂ (ಇಸ್ಲಾಮೀ ನ್ಯಾಯಶಾಸ್ತ್ರದಲ್ಲೂ) ಇತ್ತು, ಆದರೆ ಅದನ್ನು ಬಳಸಲು ಹೋದ ಸಮರ್ ಬದವಿ 2010ರಲ್ಲಿ ತಂದೆಗೆ ಅವಿಧೇಯಳಾದಳೆಂಬ ಆರೋಪದ ಮೇಲೆ ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. ಆ ಮೊಕದ್ದಮೆಯನ್ನು ಅವರು ಗೆದ್ದರು. ಹಾಗೆಯೇ 18 ವರ್ಷದೊಳಗಿನವರ ಮದುವೆಗೆ ಈಗ ನ್ಯಾಯಾಲಯದ ಒಪ್ಪಿಗೆ ಬೇಕು. ನಿಷೇಧವಲ್ಲ, ಆದರೆ ಕಡತವಾದರೂ ಹುಟ್ಟುತ್ತದೆ.

ಕಷ್ಟವಿರುವುದು ವಿಚ್ಛೇದನದಲ್ಲಿ. ಗಂಡ ಕಾರಣ ಹೇಳದೆ ತಲಾಖ್ ಕೊಡಬಹುದು. ಹೆಂಡತಿ ಮಹರ್ (ವಧುದಕ್ಷಿಣೆ) ಹಿಂದಿರುಗಿಸಿ ಖುಲಾ, ಅಂದರೆ ತಾನೇ ಕೇಳಿದ ವಿಚ್ಛೇದನ, ಪಡೆಯಲು ಗಂಡ ಒಪ್ಪಬೇಕು, ಇಲ್ಲವೇ ತನಗಾದ ಹಾನಿಯನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕು. ಮುಚ್ಚಿದ ಬಾಗಿಲ ಹಿಂದೆ ಬಿದ್ದ ಏಟಿಗೆ ಸಾಕ್ಷಿ ಎಲ್ಲಿಂದ ತರುವುದು? ಮನೆ ಬಿಟ್ಟು ಹೊರಟರೆ ಜೀವನಾಂಶ ತಪ್ಪಬಹುದು, ಮನೆಯಲ್ಲೇ ಉಳಿದರೆ ಹಾನಿಯಾಗಿಲ್ಲವೆಂಬ ವಾದ ಎದುರಾಗುತ್ತದೆ. ಕೌಟುಂಬಿಕ ಪ್ರಕರಣ ನಡೆಸಿದ ಯಾವ ವಕೀಲರಿಗೂ ಈ ಇಕ್ಕಟ್ಟು ಹೊಸದಲ್ಲ, ನಮ್ಮ ನ್ಯಾಯಾಲಯಗಳಲ್ಲೂ ಕಾಣಸಿಗುತ್ತದೆ. ವ್ಯತ್ಯಾಸವೆಂದರೆ ನಮ್ಮಲ್ಲಿ ಕೆಟ್ಟ ಕಲಮನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ತ್ರಿವಳಿ ತಲಾಖ್ ವಿರುದ್ಧ ಮುಸ್ಲಿಂ ಮಹಿಳೆಯರೇ ಹೋದರು, 2017ರಲ್ಲಿ ಗೆದ್ದರು. ಸೌದಿಯಲ್ಲಿ ರಾಜಾಜ್ಞೆಯನ್ನು ಪ್ರಶ್ನಿಸುವ ಪೀಠವೇ ಇಲ್ಲ.

ಜುಬೈಲ್ ಕನ್ನಡಿಗ

ವಕೀಲರೇ, ಆ ಕೊನೆಯ ಮಾತನ್ನು ಒಪ್ಪುತ್ತೇನೆ. ಲುಜೈನ್ ಈಗ ಹೊರಗಿದ್ದಾರಲ್ಲವೇ?

ಶರಾವತಿ ತೀರ

2020ರ ಡಿಸೆಂಬರ್‌ನಲ್ಲಿ ಭಯೋತ್ಪಾದನಾ ವಿರೋಧಿ ಕಾನೂನಿನಡಿ ಅವರಿಗೆ ಐದು ವರ್ಷ ಎಂಟು ತಿಂಗಳ ಶಿಕ್ಷೆಯಾಯಿತು. ಅದರ ಅರ್ಧವನ್ನು ಅಮಾನತಿನಲ್ಲಿಟ್ಟು 2021ರ ಫೆಬ್ರವರಿ 10ರಂದು ಬಿಟ್ಟರು. ಬಂಧನದಲ್ಲಿ ಚಿತ್ರಹಿಂಸೆ ನಡೆಯಿತೆಂದು ಅವರು ದೂರಿದರು, ಸರ್ಕಾರ ನಿರಾಕರಿಸಿತು, ನ್ಯಾಯಾಲಯ ಸಾಕ್ಷ್ಯವಿಲ್ಲವೆಂದು ದೂರನ್ನು ತಳ್ಳಿಹಾಕಿತು. ಬಿಡುಗಡೆಯಾದ ಮೇಲೆ ಅವರ ಮೇಲೆ ಪ್ರಯಾಣ ನಿಷೇಧ ಹೇರಲಾಯಿತು. 21 ದಾಟಿದ ಸೌದಿ ಮಹಿಳೆಗೆ ವಲಿಯ ಒಪ್ಪಿಗೆಯಿಲ್ಲದೆ ವಿದೇಶಕ್ಕೆ ಹೋಗಲು ಅವಕಾಶ ಕೊಟ್ಟ ದೇಶದಲ್ಲಿ, ತಂದೆತಾಯಿಯರ ಪೂರ್ಣ ಬೆಂಬಲವಿದ್ದ ಅವರನ್ನು ತಡೆದದ್ದು ಯಾವ ಮನೆಯ ಗಂಡಸೂ ಅಲ್ಲ.